ವೇಗದ ಆಟ: ನೋಡುವವರು ನಿಲ್ಲುವುದೆಲ್ಲಿ?

ದೀಪಾವಳಿ ಮುಗಿಯಿತೆಂದರೆ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಊರೂರಿನಲ್ಲಿ ಒಂದೇ ಮಾತು. ಈ ಸಲ ಯಾವ ಊರಲ್ಲಿ ಹಬ್ಬ? ಯಾವ ಹೋರಿ ಬರುತ್ತದಂತೆ? ಬಲಿಪಾಡ್ಯಮಿಯಿಂದ ಶುರುವಾಗುವ ಹೋರಿ ಬೆದರಿಸುವ ಹಬ್ಬ ಸಂಕ್ರಾಂತಿಯ ಆಸುಪಾಸಿನವರೆಗೂ ಒಂದು ಊರಿನಿಂದ ಇನ್ನೊಂದು ಊರಿಗೆ ಸಾಗುತ್ತಲೇ ಇರುತ್ತದೆ. ವರ್ಷವಿಡೀ ಹುರುಳಿ, ಹತ್ತಿಕಾಳು ತಿನ್ನಿಸಿ ಸಾಕಿದ ಹೋರಿಗೆ ಕೊಬ್ಬರಿ ಹಾರ, ಬಲೂನು, ಗೆಜ್ಜೆ, ಬಣ್ಣದ ಜೂಲ ಕಟ್ಟಿ ಅಖಾಡಕ್ಕೆ ಬಿಡುತ್ತಾರೆ. ಎರಡೂ ಬದಿ ಜನವೋ ಜನ. ಹೋರಿ ಯಾರ ಕೈಗೂ ಸಿಗದೆ ಓಡಿದರೆ ಅದರ ಗೆಲುವು. ಹಿಡಿದು ಕೊಬ್ಬರಿ ಹರಿದುಕೊಂಡರೆ ಹುಡುಗರ ಗೆಲುವು.

ಹೋರಿ ಕಣ್ಣೆದುರು ಇರುವುದು ಕೆಲವೇ ಸೆಕೆಂಡು. ಅಷ್ಟಕ್ಕಾಗಿ ಜನ ಬೆಳಗಿನಿಂದ ಬಿಸಿಲಿನಲ್ಲಿ ನಿಲ್ಲುತ್ತಾರೆ, ಮನೆಯ ಮಾಳಿಗೆ ಏರುತ್ತಾರೆ, ಮರ ಹತ್ತುತ್ತಾರೆ, ಟ್ರ್ಯಾಕ್ಟರಿನ ಮೇಲೆ ಸಾಲಾಗಿ ಕೂರುತ್ತಾರೆ. ಇನ್ನೊಂದು ಸಂಗತಿಯೂ ಗಮನಿಸುವಂಥದು. ಇಲ್ಲಿನ ಎಷ್ಟೋ ಹೋರಿಗಳ ಹೆಸರಿನ ಕೊನೆಗೆ ‘ಎಕ್ಸ್‌ಪ್ರೆಸ್’ ಎಂಬ ಬಾಲವಿರುತ್ತದೆ. ಗೆದ್ದವರಿಗೆ ಕೊಡುವ ದೊಡ್ಡ ಬಹುಮಾನ ಬಹಳ ಕಡೆ ಮೋಟಾರ್ ಬೈಕು. ಎತ್ತಿನ ಓಟದ ಊರಿಗೂ ಯಂತ್ರದ ವೇಗದ ಮೇಲೆ ಕಣ್ಣಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹಾಗಾದರೆ ವೇಗದ ಆಟವನ್ನು ನೋಡುವವರು ನಿಜವಾಗಿ ನೋಡುವುದೇನನ್ನು? ಕಾರು, ಬೈಕುಗಳ ಸ್ಪರ್ಧೆಗಳಲ್ಲಿ ಹಲವು ಬಗೆ. ಕೆಲವಕ್ಕೆ ಲಕ್ಷಾಂತರ ಜನ ಸೇರುತ್ತಾರೆ, ಕೆಲವನ್ನು ಕೇಳುವವರೇ ಇಲ್ಲ. ಯಾವುದು ಏಕೆ ಸೆಳೆಯುತ್ತದೆ ಎಂದು ಹುಡುಕಿದರೆ ಮೂರು ಕಾರಣ ಮುಖ್ಯವಾಗಿ ಕಾಣುತ್ತವೆ. ಒಂದು, ನಿಂತ ಜಾಗದಿಂದ ಆಟ ಎಷ್ಟು ಕಾಣುತ್ತದೆ ಎಂಬುದು. ಎರಡು, ಆ ಆಟದ ಕಷ್ಟ ನೋಡುವವರಿಗೆ ಎಷ್ಟು ಗೊತ್ತು ಎಂಬುದು. ಮೂರು, ಅಪಾಯ ಎಷ್ಟು ಹತ್ತಿರದಲ್ಲಿದೆ ಎಂಬುದು. ಮೊದಲ ಎರಡು ಕಾರಣಗಳಿಂದ ಆಟ ಬೆಳೆಯುತ್ತದೆ. ಮೂರನೆಯದು ಸೆಳೆಯುವುದೇನೋ ನಿಜ, ಆದರೆ ಅದಕ್ಕೆ ತೆರಬೇಕಾದ ಬೆಲೆ ಕೆಲವೊಮ್ಮೆ ತೀರಾ ಹೆಚ್ಚು.

ಸುತ್ತುವ ಪಥದ ಓಟ

ಮೋಟಾರು ಸ್ಪರ್ಧೆ ಎಂದೊಡನೆ ಹೆಚ್ಚಿನವರ ಕಣ್ಣ ಮುಂದೆ ಬರುವುದು ಫಾರ್ಮುಲಾ ಒನ್. ಮುಚ್ಚಿದ ಡಾಂಬರು ಪಥದಲ್ಲಿ ಇಪ್ಪತ್ತಕ್ಕೂ ಹೆಚ್ಚು ಕಾರುಗಳು ಒಟ್ಟಿಗೆ ಹೊರಟು ಸುತ್ತು ಹಾಕುವ ಆಟವಿದು. ದೆಹಲಿ ಸಮೀಪದ ಗ್ರೇಟರ್ ನೋಯ್ಡಾದಲ್ಲಿರುವ ಬುದ್ಧ ಅಂತರರಾಷ್ಟ್ರೀಯ ಪಥದಲ್ಲಿ 2011ರಿಂದ 2013ರವರೆಗೆ ಮೂರು ವರ್ಷ ಈ ಸ್ಪರ್ಧೆ ನಡೆಯಿತು. ಮೂರು ಸಲವೂ ಗೆದ್ದವರು ಜರ್ಮನಿಯ ಸೆಬಾಸ್ಟಿಯನ್ ವೆಟೆಲ್. ಅದೇ ಪಥದಲ್ಲಿ 2023ರಲ್ಲಿ ಬೈಕುಗಳ ದೊಡ್ಡ ಸ್ಪರ್ಧೆಯಾದ ಮೋಟೊ ಜಿಪಿ ಕೂಡ ನಡೆಯಿತು. ದಕ್ಷಿಣದಲ್ಲಿ ಹಿಂದೆ ಚೆನ್ನೈ ಹತ್ತಿರದ ಶೋಲಾವರಂನ ಹಳೆಯ ವಿಮಾನದ ಓಡುದಾರಿಯಲ್ಲಿ ಓಟಗಳಾಗುತ್ತಿದ್ದವು. 1990ರಲ್ಲಿ ಶ್ರೀಪೆರಂಬುದೂರಿನ ಬಳಿ 3.7 ಕಿ.ಮೀ. ಉದ್ದದ ಪ್ರತ್ಯೇಕ ಪಥ ಆರಂಭವಾದ ಮೇಲೆ ಸ್ಪರ್ಧೆಗಳು ಅಲ್ಲಿಗೆ ಹೋದವು.

ಬುದ್ಧ ಪಥದ ಒಂದು ಸುತ್ತು 5.125 ಕಿ.ಮೀ. ಇಂಥ 60 ಸುತ್ತು ಸೇರಿದರೆ ಒಂದು ಸ್ಪರ್ಧೆ. ಅಂದರೆ ಸುಮಾರು 307 ಕಿ.ಮೀ. ಒಂದು ಕಡೆ ಕುಳಿತವರಿಗೆ ಪಥದ ಒಂದು ತುಂಡು ಮಾತ್ರ ಕಾಣುತ್ತದೆ. ಪ್ರತಿ ಸುತ್ತಿನಲ್ಲಿ ಒಂದು ಕಾರು 10 ಸೆಕೆಂಡು ಕಂಡಿತೆನ್ನೋಣ. 60 ಸುತ್ತಿಗೆ 600 ಸೆಕೆಂಡು, ಅಂದರೆ 10 ನಿಮಿಷ. ಒಂದೂವರೆ ಗಂಟೆಯ ಆಟದಲ್ಲಿ ಮೆಚ್ಚಿನ ಚಾಲಕ ಕಣ್ಣಿಗೆ ಬೀಳುವುದು ಇಷ್ಟೇ!

ಆದರೂ ಈ ಆಟಕ್ಕೊಂದು ಲಾಭವಿದೆ. ಅದೇ ಕಾರು ಮತ್ತೆ ಮತ್ತೆ ಬರುತ್ತದೆ. ಕಳೆದ ಸುತ್ತಿನಲ್ಲಿ ನಾಲ್ಕು ಮಾರು ಹಿಂದಿದ್ದವನು ಈ ಸುತ್ತಿನಲ್ಲಿ ಎರಡೇ ಮಾರು ಹಿಂದಿದ್ದಾನೆ. ಮುಂದಿನ ಸುತ್ತಿನಲ್ಲಿ ಏನಾದೀತು? ಈ ಕಾಯುವಿಕೆಯೇ ಸುತ್ತುಪಥದ ರುಚಿ. ಧಾರಾವಾಹಿಯ ಕಂತಿಗೆ ಕಾಯುವ ಹಾಗೆ. ಟಿವಿಯಲ್ಲಿ ಈ ಆಟ ಇಷ್ಟೊಂದು ಜನಪ್ರಿಯವಾದುದಕ್ಕೂ ಕಾರಣ ಸರಳ. ಪಥದ ಉದ್ದಕ್ಕೂ ಇಟ್ಟ ಕ್ಯಾಮೆರಾಗಳು ಕುಳಿತವರಿಗೆ ಕಾಣದ ಉಳಿದ ಭಾಗವನ್ನು ತೋರಿಸುತ್ತವೆ. ಆದರೆ ದೂರದಿಂದ ಹಿಡಿದ ಚಿತ್ರದಲ್ಲಿ ವೇಗ ಸಪ್ಪೆಯಾಗುತ್ತದೆ. ಅದೇಕೆಂದು ಮುಂದೆ ನೋಡೋಣ.

ಕಾಫಿ ತೋಟದ ನಡುವಿನ ರ್‍ಯಾಲಿ

ಕನ್ನಡ ನಾಡಿಗೆ ಹೆಚ್ಚು ಹತ್ತಿರವಾದುದು ರ್‍ಯಾಲಿ. ಬೆಂಗಳೂರಿನ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ್‍ಯಾಲಿ ದೇಶದ ಹಳೆಯ ರ್‍ಯಾಲಿಗಳಲ್ಲೊಂದು. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುರಸ್ತೆಗಳಲ್ಲಿ ರಾಷ್ಟ್ರೀಯ ಚಾಂಪಿಯನ್‌ಷಿಪ್ ಸುತ್ತುಗಳಷ್ಟೇ ಅಲ್ಲ, 2013ರಿಂದ ಕೆಲವು ವರ್ಷ ಏಷ್ಯಾ ಪೆಸಿಫಿಕ್ ಚಾಂಪಿಯನ್‌ಷಿಪ್ ಸುತ್ತುಗಳೂ ನಡೆದವು.

ರ್‍ಯಾಲಿಯಲ್ಲಿ ಕಾರುಗಳು ಒಟ್ಟಿಗೆ ಓಡುವುದಿಲ್ಲ. ಒಂದಾದ ಮೇಲೊಂದರಂತೆ ಒಂದೆರಡು ನಿಮಿಷಗಳ ಅಂತರದಲ್ಲಿ ಹೊರಡುತ್ತವೆ. ಎದುರಾಳಿ ಕಣ್ಣಿಗೆ ಕಾಣುವುದೇ ಇಲ್ಲ, ಗಡಿಯಾರವೇ ಎದುರಾಳಿ. ಚಾಲಕನ ಪಕ್ಕದಲ್ಲಿ ಸಹಚಾಲಕ ಕುಳಿತಿರುತ್ತಾನೆ. ಮೊದಲೇ ದಾರಿ ನೋಡಿ ಬರೆದುಕೊಂಡ ಟಿಪ್ಪಣಿಗಳನ್ನು ಅವನು ಓದುತ್ತ ಹೋಗುತ್ತಾನೆ: ನೂರು ಮೀಟರ್ ನೇರ, ಆಮೇಲೆ ಬಲಕ್ಕೆ ಕಡಿದಾದ ತಿರುವು, ಒಳಬದಿಯಲ್ಲಿ ಕಲ್ಲು. ಚಾಲಕ ಕಣ್ಣಿನಷ್ಟೇ ಕಿವಿಯಿಂದಲೂ ಕಾರು ಓಡಿಸುತ್ತಾನೆ.

ನೋಡುವವರ ಪಾಲಿಗೆ ಸಿಗುವುದೆಷ್ಟು? ತೋಟದ ತಿರುವಿನಲ್ಲಿ ನಿಂತವರಿಗೆ 200 ಮೀಟರ್ ದಾರಿ ಕಾಣುತ್ತದೆ ಎಂದುಕೊಳ್ಳಿ. ಗಂಟೆಗೆ 72 ಕಿ.ಮೀ. ವೇಗವೆಂದರೆ ಸೆಕೆಂಡಿಗೆ 20 ಮೀಟರ್. ಅಂದರೆ ಕಾರು ಕಾಣುವುದು 10 ಸೆಕೆಂಡು ಮಾತ್ರ. 30 ಕಾರುಗಳಿಗೆ 300 ಸೆಕೆಂಡು. ಎರಡು ನಿಮಿಷಕ್ಕೊಂದರಂತೆ ಅವು ಬಂದರೆ ಒಂದು ಗಂಟೆ ನಿಂತವರಿಗೆ ಸಿಗುವುದು ಐದು ನಿಮಿಷದ ಆಟ. ಯಾರು ಗೆದ್ದರೆಂಬುದು ಅಲ್ಲಿ ಗೊತ್ತಾಗುವುದೂ ಇಲ್ಲ.

ಹೀಗಿದ್ದರೂ ಜನ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ಏಕೆಂದರೆ ರ್‍ಯಾಲಿಯಲ್ಲಿ ಆಟ ಊರಿನ ದಾರಿಗೇ ಬರುತ್ತದೆ. ದಿನವೂ ಜೀಪು ಏದುಸಿರು ಬಿಡುತ್ತ ಹತ್ತುವ ಏರನ್ನು, ಮಳೆಗಾಲದಲ್ಲಿ ಲಾರಿ ಹೂತುಹೋಗುವ ತಿರುವನ್ನು ಇವನು ಹೀಗೆ ದಾಟಿದನಲ್ಲ ಎಂಬ ಬೆರಗು ಆ ದಾರಿ ಬಲ್ಲವರಿಗೇ ಹೆಚ್ಚು. ಮೊದಲು ಕಾಡಿನೊಳಗಿಂದ ಸದ್ದು, ಆಮೇಲೆ ಮರಗಳ ಮೇಲೆ ಧೂಳು, ಕೊನೆಗೆ ಕಾರು. ಹೋರಿ ಬರುವ ಮುನ್ನ ದೂರದಲ್ಲಿ ಏಳುವ ಕೂಗಿನಿಂದಲೇ ಅದು ಹೊರಟಿತೆಂದು ಅಖಾಡದ ಜನಕ್ಕೆ ಗೊತ್ತಾಗುವುದಿಲ್ಲವೇ? ಅದೇ ಬಗೆಯ ಕಾತರ ಇದು.

ರ್‍ಯಾಲಿಯಲ್ಲೇ ಇನ್ನೊಂದು ಸಾಧು ಜಾತಿಯಿದೆ. ಸಮಯ, ವೇಗ, ದೂರ ಮೂರರ ಲೆಕ್ಕದ ಮೇಲೆ ನಡೆಯುವ ರ್‍ಯಾಲಿ ಅದು. ಇಂತಿಷ್ಟು ದೂರವನ್ನು ಇಂತಿಷ್ಟೇ ಸರಾಸರಿ ವೇಗದಲ್ಲಿ ಕ್ರಮಿಸಬೇಕು. ತಡವಾದರೂ ದಂಡ, ಬೇಗ ಬಂದರೂ ದಂಡ! ನೋಡುವವರಿಗೆ ಇಲ್ಲಿ ಏನೂ ಇಲ್ಲ. ಮಾಮೂಲಿ ಕಾರೊಂದು ಮಾಮೂಲಿಯಾಗಿ ಹೋದಂತೆ ಕಾಣುತ್ತದೆ. ಆದರೆ ಒಳಗೆ ಕುಳಿತು ಲೆಕ್ಕ ಹಾಕುವವರಿಗೆ ಪರೀಕ್ಷೆಯ ಕೋಣೆಯಷ್ಟೇ ಬಿಸಿ. ಆಡುವವರಿಗೆ ಸೊಗಸಾದ ಆಟವೆಲ್ಲ ನೋಡುವವರಿಗೂ ಸೊಗಸಾಗಬೇಕೆಂದಿಲ್ಲ ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಮಣ್ಣಿನ ಮೈದಾನದ ಮಜಾ

ಆಟ ಪೂರ್ತಿ ಕಾಣಬೇಕೆನ್ನುವವರಿಗೆ ಹೇಳಿ ಮಾಡಿಸಿದ್ದು ಮಣ್ಣಿನ ಪಥದ ಬೈಕ್ ಓಟ. ಮೋಟೊಕ್ರಾಸ್ ಎಂಬುದು ಏರುತಗ್ಗಿನ ಬಯಲಿನಲ್ಲಿ ನಡೆಯುತ್ತದೆ. ಅದನ್ನೇ ಕ್ರೀಡಾಂಗಣದೊಳಗೆ ಮಣ್ಣು ಸುರಿದು, ದಿಬ್ಬ ಕಟ್ಟಿ ನಡೆಸಿದರೆ ಸೂಪರ್‌ಕ್ರಾಸ್. ಕುಳಿತಲ್ಲಿಂದಲೇ ಮೊದಲಿನಿಂದ ಕೊನೆಯವರೆಗೆ ಎಲ್ಲವೂ ಕಾಣುತ್ತದೆ. ಯಾರು ಮುಂದೆ, ಯಾರು ಬಿದ್ದರು, ಬಿದ್ದವನು ಎದ್ದನೋ ಇಲ್ಲವೋ ಎಂದು ಯಾರೂ ವಿವರಿಸಬೇಕಾಗಿಲ್ಲ. ಆಟದ ನಿಯಮ ಗೊತ್ತಿಲ್ಲದ ಅಜ್ಜಿಯೂ ಐದು ನಿಮಿಷದಲ್ಲಿ ಒಬ್ಬನ ಪಕ್ಷ ವಹಿಸಿ ಕೂಗಬಹುದು.

ಇದರ ದೊಡ್ಡ ಆಕರ್ಷಣೆ ಜಿಗಿತ. ದಿಬ್ಬದಿಂದ ಹಾರಿದ ಬೈಕು ಕಲ್ಲೆಸೆದಾಗಿನ ಹಾಗೆ ವಕ್ರಪಥದಲ್ಲಿ ಸಾಗುತ್ತದೆ. ಹಾರಿದ ಮಟ್ಟಕ್ಕೇ ಇಳಿಯುವವನು ಒಂದೂವರೆ ಸೆಕೆಂಡು ಗಾಳಿಯಲ್ಲಿದ್ದರೆ, ಅವನು ಏರಿದ ಎತ್ತರ ಸುಮಾರು ಎರಡೂ ಮುಕ್ಕಾಲು ಮೀಟರ್ ಎಂದು ಹೈಸ್ಕೂಲಿನ ಸೂತ್ರವೇ ಹೇಳುತ್ತದೆ. ಗಾಳಿಯಲ್ಲಿ ಬೈಕಿನ ಮೂತಿ ಕೆಳಗಾದರೆ ಸವಾರ ಎಕ್ಸಲೇಟರ್ ತಿರುವುತ್ತಾನೆ, ಮೂತಿ ಮೇಲೇಳುತ್ತದೆ. ಹಿಂದಿನ ಬ್ರೇಕ್ ಒತ್ತಿದರೆ ಮೂತಿ ಕೆಳಗಿಳಿಯುತ್ತದೆ. ನೆಲವೇ ಇಲ್ಲದೆಡೆ ಚಕ್ರ ತಿರುಗಿಸಿ ಏನು ಪ್ರಯೋಜನ ಎಂದು ಕೇಳಬೇಡಿ. ಚಕ್ರದ ತಿರುಗು ವೇಗ ಬದಲಾದಾಗ ಬೈಕಿನ ಉಳಿದ ಮೈ ಅದಕ್ಕೆ ವಿರುದ್ಧವಾಗಿ ತಿರುಗುತ್ತದೆ. ಕೋನೀಯ ಸಂವೇಗ ಸಂರಕ್ಷಣೆಯ ಪಾಠ ಇದೇ.

ನಮ್ಮ ರಾಜ್ಯಕ್ಕೂ ಬೈಕಿಗೂ ಹಳೆಯ ನಂಟು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ ಮತ್ತು ಯೆಜ್ಡಿ ಬೈಕುಗಳನ್ನು ತಯಾರಿಸಿತು. ಎರಡು ಸೈಲೆನ್ಸರಿನ ಆ ಸದ್ದನ್ನು ಇಂದಿಗೂ ಗುರುತಿಸುವ ಹಿರಿಯರು ಊರೂರಿನಲ್ಲಿದ್ದಾರೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಅತಿ ಕಠಿಣವೆನಿಸಿದ ಡಾಕರ್ ರ್‍ಯಾಲಿಯನ್ನು 36ನೆಯವರಾಗಿ ಮುಗಿಸಿದರು. ಅದನ್ನು ಪೂರ್ಣಗೊಳಿಸಿದ ಮೊದಲ ಭಾರತೀಯ ಅವರೇ. ಬೆಂಗಳೂರಿನವರೇ ಆದ ಐಶ್ವರ್ಯ ಪಿಸ್ಸೆ 2019ರಲ್ಲಿ ಬಾಜಾ ವಿಶ್ವಕಪ್ಪಿನ ಮಹಿಳಾ ವಿಭಾಗ ಗೆದ್ದು, ಮೋಟಾರು ಕ್ರೀಡೆಯಲ್ಲಿ ವಿಶ್ವ ಪ್ರಶಸ್ತಿ ಪಡೆದ ಮೊದಲ ಭಾರತೀಯರೆನಿಸಿದರು.

ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಇನ್ನೊಂದು ಮೋಜಿನ ಸ್ಪರ್ಧೆಯಿದೆ. ಟ್ರೇಲರ್ ಕಟ್ಟಿದ ಟ್ರ್ಯಾಕ್ಟರನ್ನು ಹಿಮ್ಮುಖವಾಗಿ ಓಡಿಸುವುದು. ಇಲ್ಲಿ ಹೇಳಿಕೊಳ್ಳುವ ವೇಗವೇನೂ ಇಲ್ಲ. ಆದರೂ ಜನ ಕಿಕ್ಕಿರಿದು ಸೇರುತ್ತಾರೆ. ಟ್ರೇಲರನ್ನು ಹಿಂದಕ್ಕೆ ತಳ್ಳುವಾಗ ಅದು ಸ್ಟಿಯರಿಂಗ್ ತಿರುಗಿಸಿದ ದಿಕ್ಕಿಗೆ ಹೋಗದೆ ಎದುರು ದಿಕ್ಕಿಗೆ ಹೊರಳುತ್ತದೆ ಎಂಬುದು ರೈತರಿಗೆಲ್ಲ ಗೊತ್ತು. ತಾವೇ ಕಣದಲ್ಲಿ ಒದ್ದಾಡಿದ ಕೆಲಸವನ್ನು ಒಬ್ಬ ಲೀಲಾಜಾಲವಾಗಿ ಮಾಡಿದರೆ ಚಪ್ಪಾಳೆ ತಾನಾಗಿ ಬರುತ್ತದೆ. ಕಷ್ಟ ಬಲ್ಲವರೇ ಒಳ್ಳೆಯ ಪ್ರೇಕ್ಷಕರು. ಇದಕ್ಕೆ ಪ್ರಾಣಾಪಾಯದ ಒಗ್ಗರಣೆ ಬೇಕಾಗಿಲ್ಲ.

ಕಣ್ಣು, ಕಿವಿಗಳ ಲೆಕ್ಕ

ಹತ್ತಿರ ನಿಂತರೆ ವೇಗ ಹೆಚ್ಚೆನಿಸುವುದೇಕೆ? ಬಸ್ಸಿನ ಕಿಟಕಿಯಲ್ಲಿ ನೋಡಿ. ರಸ್ತೆ ಬದಿಯ ಮೈಲಿಗಲ್ಲು ಸರ್ರನೆ ಹಿಂದೆ ಓಡುತ್ತದೆ, ದೂರದ ಗುಡ್ಡ ಮಾತ್ರ ನಿಧಾನವಾಗಿ ಜೊತೆಗೇ ಬರುತ್ತದೆ. ಕಣ್ಣು ಅಳೆಯುವುದು ವಸ್ತು ಸೆಕೆಂಡಿಗೆ ಎಷ್ಟು ಮೀಟರ್ ಹೋಯಿತೆಂದಲ್ಲ. ಸೆಕೆಂಡಿಗೆ ಎಷ್ಟು ಡಿಗ್ರಿ ಹೊರಳಿತೆಂದು.

ಗಂಟೆಗೆ 100 ಕಿ.ಮೀ. ವೇಗದ ಕಾರು 100 ಮೀಟರ್ ದೂರದಲ್ಲಿ ಎದುರಿನಿಂದ ಹಾದುಹೋದರೆ ಕಣ್ಣು ಸೆಕೆಂಡಿಗೆ ಸುಮಾರು 16 ಡಿಗ್ರಿ ಹೊರಳಬೇಕು. ಅದು ಆರಾಮದ ಕೆಲಸ. ಅದೇ ಕಾರು 10 ಮೀಟರ್ ದೂರದಲ್ಲಿ ಹೋದರೆ ಸೆಕೆಂಡಿಗೆ ಸುಮಾರು 160 ಡಿಗ್ರಿ! ಕಣ್ಣು ಅದನ್ನು ನಯವಾಗಿ ಹಿಂಬಾಲಿಸಲಾರದು, ಎದೆ ಝಲ್ಲೆನ್ನುತ್ತದೆ. ಕಾರಿನ ವೇಗ ಎರಡೂ ಕಡೆ ಒಂದೇ. ಬದಲಾದದ್ದು ನೋಡುವವರ ಜಾಗ. ಬಹುದೂರದಿಂದ ಹಿಡಿದ ಟಿವಿ ಚಿತ್ರ ಸಪ್ಪೆಯಾಗುವುದೂ, ಜನ ಅಂಚಿಗೆ ಅಂಚಿಗೆ ಸರಿಯುವುದೂ ಇದೇ ಕಾರಣಕ್ಕೆ.

ಪ್ರಾಣಿಗಳ ಓಟಕ್ಕೂ ಈ ಲೆಕ್ಕ ಹೊಂದುತ್ತದೆ. ಕರಾವಳಿಯ ಕಂಬಳದಲ್ಲಿ 2020ರ ಫೆಬ್ರುವರಿಯಲ್ಲಿ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿದ್ದು ದೇಶವೆಲ್ಲ ಸುದ್ದಿಯಾಯಿತು. ಲೆಕ್ಕ ಹಾಕಿದರೆ ಗಂಟೆಗೆ 38 ಕಿ.ಮೀ.ಗೆ ಸ್ವಲ್ಪ ಕಡಿಮೆ. ಸ್ಕೂಟರಿನಲ್ಲಿ ಅದು ತೀರಾ ಸಾಧಾರಣ ವೇಗ. ಆದರೆ ಗದ್ದೆಯ ಬದುವಿನಲ್ಲಿ ನಿಂತು, ಕೆಸರು ಮುಖಕ್ಕೆ ಸಿಡಿಯುವಷ್ಟು ಹತ್ತಿರದಲ್ಲಿ ನೋಡಿದವರಿಗೆ ಅದು ಬಿರುಗಾಳಿ.

ಕಿವಿಯ ಪಾಲೂ ದೊಡ್ಡದು. ಕಾರು ಬರುವಾಗ ಕೀರಲಾಗಿದ್ದ ಸದ್ದು, ದಾಟಿದೊಡನೆ ಒಮ್ಮೆಲೇ ತಗ್ಗುತ್ತದೆ. ಇದು ಡಾಪ್ಲರ್ ಪರಿಣಾಮ. ಸಮೀಪಿಸುವ ವಾಹನದ ಶಬ್ದತರಂಗಗಳು ಒತ್ತೊತ್ತಾಗಿ ಬರುತ್ತವೆ, ದೂರವಾಗುವಾಗ ಬಿಡಿಬಿಡಿಯಾಗುತ್ತವೆ. ಗಂಟೆಗೆ 200 ಕಿ.ಮೀ. ವೇಗದ ಕಾರಿಗೆ ಈ ಎರಡು ಸ್ವರಗಳ ಅನುಪಾತ ಸುಮಾರು 1.39. ಸಂಗೀತ ಬಲ್ಲವರ ಮಾತಿನಲ್ಲಿ ಹೇಳುವುದಾದರೆ ಹೆಚ್ಚುಕಡಿಮೆ ಪ್ರತಿಮಧ್ಯಮದಿಂದ ಷಡ್ಜಕ್ಕೆ ಇಳಿದಂತೆ. ಕಣ್ಣು ಮುಚ್ಚಿ ಕುಳಿತರೂ ಯಾವ ಕಾರು ಹೆಚ್ಚು ವೇಗವಾಗಿ ಹೋಯಿತೆಂದು ಪಳಗಿದ ಪ್ರೇಕ್ಷಕರು ಊಹಿಸಬಲ್ಲರು.

ಅಪಾಯ ಹತ್ತಿರವಾದಾಗ

ಹತ್ತಿರ ಹೋದಷ್ಟೂ ರೋಮಾಂಚನ ಹೆಚ್ಚು ಎಂಬ ಈ ನಿಯಮಕ್ಕೆ ಜನ ಕೊಟ್ಟ ಬೆಲೆಯ ಕತೆ ಮೋಟಾರು ಕ್ರೀಡೆಯ ಇತಿಹಾಸದಲ್ಲಿ ಉದ್ದಕ್ಕೂ ಇದೆ. 1955ರ ಜೂನ್ 11ರಂದು ಫ್ರಾನ್ಸಿನ ಲ ಮಾನ್ಸ್‌ನಲ್ಲಿ 24 ಗಂಟೆಗಳ ಓಟ ನಡೆಯುತ್ತಿತ್ತು. ಒಂದು ಕಾರು ಇನ್ನೊಂದಕ್ಕೆ ತಗುಲಿ, ಹಾರಿ, ಒಡೆದು ಚೂರಾಗಿ, ಅದರ ಭಾಗಗಳು ಜನರ ಮೇಲೆ ಬಿದ್ದವು. 80ಕ್ಕೂ ಹೆಚ್ಚು ಮಂದಿ ಸತ್ತರು. ಆ ಕಾರಿನ ಚಾಲಕನನ್ನು ಬಿಟ್ಟರೆ ಬಹುತೇಕ ಎಲ್ಲರೂ ನೋಡಲು ಬಂದವರು. ಸ್ವಿಟ್ಜರ್ಲೆಂಡ್ ಆ ಬಳಿಕ ಪಥದ ಓಟಗಳನ್ನೇ ದಶಕಗಳ ಕಾಲ ನಿಷೇಧಿಸಿತು.

ಎರಡು ವರ್ಷದ ನಂತರ ಇಟಲಿಯ ಸಾವಿರ ಮೈಲಿ ಓಟ. ಅದು ಸಾರ್ವಜನಿಕ ರಸ್ತೆಯಲ್ಲಿ ಊರುಗಳ ನಡುವೆ ಸಾಗುತ್ತಿತ್ತು. ಅತಿ ವೇಗದಲ್ಲಿದ್ದ ಕಾರಿನ ಟೈರು ಸಿಡಿಯಿತು. ಕಾರಿನಲ್ಲಿದ್ದ ಇಬ್ಬರ ಜೊತೆ ರಸ್ತೆ ಬದಿಯಲ್ಲಿ ನಿಂತಿದ್ದ ಒಂಬತ್ತು ಮಂದಿ ಸತ್ತರು. ಆ ಒಂಬತ್ತರಲ್ಲಿ ಐವರು ಮಕ್ಕಳು. 1957ರ ಆ ವರ್ಷಕ್ಕೇ ವೇಗದ ಸ್ಪರ್ಧೆಯಾಗಿ ಅದರ ಕತೆ ಮುಗಿಯಿತು.

1980ರ ದಶಕದ ರ್‍ಯಾಲಿಗಳಲ್ಲಿ ‘ಗ್ರೂಪ್ ಬಿ’ ಎಂಬ ಮಹಾ ಬಲಶಾಲಿ ಕಾರುಗಳಿದ್ದವು. ಪೋರ್ಚುಗಲ್ಲಿನಲ್ಲಿ ಜನ ರಸ್ತೆಯ ನಡುವೆಯೇ ನಿಂತು, ಕಾರು ಬಂದಾಗ ಸೀಳಿಕೊಂಡಂತೆ ಪಕ್ಕಕ್ಕೆ ಸರಿಯುತ್ತಿದ್ದರು. ಓಡುವ ಕಾರನ್ನು ಮುಟ್ಟುವುದೇ ಕೆಲವರಿಗೆ ಪೌರುಷವಾಗಿತ್ತು. 1986ರಲ್ಲಿ ಒಬ್ಬ ಚಾಲಕ ರಸ್ತೆಯಲ್ಲಿದ್ದ ಜನರನ್ನು ತಪ್ಪಿಸಲು ಹೋಗಿ ನಿಯಂತ್ರಣ ಕಳೆದುಕೊಂಡ. ಕಾರು ಗುಂಪಿಗೆ ನುಗ್ಗಿ ಮೂವರು ಸತ್ತರು, ಮೂವತ್ತಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಮರುವರ್ಷದಿಂದ ಆ ಕಾರುಗಳಿಗೆ ವಿಶ್ವ ರ್‍ಯಾಲಿಯಲ್ಲಿ ಜಾಗವಿಲ್ಲವಾಯಿತು. ನಮ್ಮ ದೇಶದಲ್ಲಿಯೂ 2019ರ ಸೆಪ್ಟೆಂಬರಿನಲ್ಲಿ ಜೋಧಪುರದ ರ್‍ಯಾಲಿ ವೇಳೆ, ಸ್ಪರ್ಧೆಗೆಂದು ಮುಚ್ಚಿದ್ದ ರಸ್ತೆಗೆ ಬಂದ ಬೈಕಿನಲ್ಲಿದ್ದ ಒಂದೇ ಕುಟುಂಬದ ಮೂವರು ಕಾರಿಗೆ ಸಿಕ್ಕಿ ತೀರಿಕೊಂಡರು.

ಓಡುವ ಕಾರನ್ನು ಮುಟ್ಟಿ ಹೆಮ್ಮೆಪಡುವುದು ಎಂಬುದನ್ನು ಓದಿದಾಗ ಶಿಕಾರಿಪುರ, ಸೊರಬದ ಓದುಗರಿಗೆ ಅಖಾಡದ ನೆನಪಾಗದೆ ಇರದು. 2022ರ ದೀಪಾವಳಿಯ ನಂತರ ಮತ್ತು 2023ರ ಜನವರಿಯಲ್ಲಿ ಶಿವಮೊಗ್ಗ ಜಿಲ್ಲೆಯ ಹೋರಿ ಹಬ್ಬಗಳಲ್ಲಿ ಯುವಕರು ಪ್ರಾಣ ಕಳೆದುಕೊಂಡರು. 2025ರ ಅಕ್ಟೋಬರಿನಲ್ಲಿ ಪಕ್ಕದ ಹಾವೇರಿ ಜಿಲ್ಲೆಯಲ್ಲಿ ಹೋರಿ ತಿವಿದು ಸತ್ತವರಲ್ಲಿ ನೋಡಲು ಹೋಗಿದ್ದ ಯುವಕನಿದ್ದ. ಹೋರಿ ಹಿಡಿಯುವ ಗೊಡವೆಯೇ ಇಲ್ಲದ ವೃದ್ಧರೂ ಇದ್ದರು. ಹೋರಿ ಹಿಡಿಯಲು ಇಳಿಯುವವನು ಅಪಾಯ ಗೊತ್ತಿದ್ದೇ ಇಳಿಯುತ್ತಾನೆ. ಬದಿಯಲ್ಲಿ ನಿಂತವರು, ದಾರಿಯಲ್ಲಿ ಹೋಗುವವರು ಅಂಥ ಒಪ್ಪಂದಕ್ಕೆ ಸಹಿ ಹಾಕಿರುವುದಿಲ್ಲ. ಲ ಮಾನ್ಸ್ ಆಗಲಿ, ನಮ್ಮ ಊರಾಗಲಿ, ಪ್ರಶ್ನೆ ಒಂದೇ: ಆಟಕ್ಕೂ ನೋಡುವವರಿಗೂ ನಡುವೆ ಏನಿದೆ?

ಎಲ್ಲಿ ನಿಲ್ಲಬೇಕು?

ಇದಕ್ಕೆ ಉತ್ತರ ಕೊಡುವುದು ಚಲನೆಯ ನಿಯಮಗಳು. ತಿರುವಿನಲ್ಲಿ ಕಾರನ್ನು ಒಳಕ್ಕೆ ಎಳೆದು ಹಿಡಿಯುವುದು ಟೈರು ಮತ್ತು ನೆಲದ ನಡುವಿನ ಘರ್ಷಣೆ. ಅದು ಸಾಲದಾದಾಗ ಕಾರು ತಿರುವಿನ ಹೊರಬದಿಗೆ, ತಾನು ಆ ಕ್ಷಣ ಸಾಗುತ್ತಿದ್ದ ನೇರ ದಿಕ್ಕಿಗೇ ಹೋಗುತ್ತದೆ. ಕವಣೆಯ ಹಗ್ಗ ಬಿಟ್ಟಾಗ ಕಲ್ಲು ಹೋಗುವಂತೆ. ಆದ್ದರಿಂದ ತಿರುವಿನ ಹೊರಬದಿಯಲ್ಲಿ ಎಂದೂ ನಿಲ್ಲಬಾರದು. ನೇರ ದಾರಿ ಮುಗಿಯುವ ತುದಿಯಲ್ಲಿ ಅದರ ಎದುರಿಗೆ ನಿಲ್ಲಬಾರದು. ದಾರಿಗಿಂತ ತಗ್ಗಿನಲ್ಲಿ ನಿಲ್ಲಬಾರದು. ದಿಬ್ಬದ ಮೇಲೆ, ದಾರಿಯಿಂದ ದೂರದಲ್ಲಿ ನಿಲ್ಲುವುದು ಲೇಸು. ಓಡಿಹೋಗಲು ಬೆನ್ನ ಹಿಂದೆ ಜಾಗವೂ ಇರಬೇಕು. ಗೋಡೆಗೆ ಒರಗಿ ನಿಂತವರಿಗೆ ಆ ಜಾಗವಿರುವುದಿಲ್ಲ. ಈ ನಾಲ್ಕು ಮಾತು ರ್‍ಯಾಲಿಗೂ ಸರಿ, ಹೋರಿ ಹಬ್ಬಕ್ಕೂ ಸರಿ.

ವೇಗ ಇಮ್ಮಡಿಯಾದರೆ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಗುದ್ದುವುದೆಂದರೆ ಆರು ಮೀಟರಿಗೂ ಎತ್ತರದಿಂದ, ಅಂದರೆ ಎರಡು ಅಂತಸ್ತಿನ ಮನೆಯ ತಾರಸಿಯಿಂದ ಬಿದ್ದಂತೆ. 80 ಕಿ.ಮೀ. ವೇಗವಾದರೆ 25 ಮೀಟರ್, ಎಂಟು ಅಂತಸ್ತು. ನಿಲ್ಲಲು ಬೇಕಾದ ದೂರವೂ ಹಾಗೆಯೇ. ಬ್ರೇಕ್ ಒತ್ತುವ ಮೊದಲು ಯೋಚಿಸಲು ಒಂದು ಸೆಕೆಂಡು ಹಿಡಿಯಿತೆಂದರೆ, ಒಣ ಡಾಂಬರಿನಲ್ಲಿ 40 ಕಿ.ಮೀ. ವೇಗದ ವಾಹನ ಸುಮಾರು 20 ಮೀಟರಿನಲ್ಲಿ ನಿಂತೀತು. 80 ಕಿ.ಮೀ. ವೇಗದ್ದಕ್ಕೆ ಸುಮಾರು 57 ಮೀಟರ್ ಬೇಕು. ಮಣ್ಣು, ಜಲ್ಲಿ, ಮಳೆ ಇದ್ದರೆ ಇನ್ನೂ ಹೆಚ್ಚು.

ಪಥದ ಓಟಗಳು ಇಂದು ಉಳಿದುಬಂದಿದ್ದರೆ ಅದಕ್ಕೆ ಕಾರಣ ಇಂಥ ಲೆಕ್ಕಗಳನ್ನು ಒಪ್ಪಿಕೊಂಡದ್ದು. ಜಲ್ಲಿ ಹಾಸಿದ ಬಯಲು, ಟೈರುಗಳ ತಡೆಗೋಡೆ, ಎತ್ತರದ ಬಲೆ, ಬಾವುಟ ಹಿಡಿದ ಮಾರ್ಷಲ್‌ಗಳು, ಸಿದ್ಧವಾಗಿ ನಿಂತ ಆಂಬುಲೆನ್ಸ್ ಇವೆಲ್ಲ ಸಾವುಗಳಿಂದ ಕಲಿತ ಪಾಠ. ಇವು ಬಂದ ಮೇಲೆ ಪ್ರೇಕ್ಷಕರೇನೂ ಕಡಿಮೆಯಾಗಲಿಲ್ಲ. ಹೋರಿ ಹಬ್ಬವನ್ನು ಪ್ರೀತಿಸುವವರು ನೆನಪಿಡಬೇಕಾದ ಮಾತಿದು. ಅಖಾಡದ ಎರಡೂ ಬದಿ ಗಟ್ಟಿ ಬೇಲಿ, ಹೋರಿ ಓಟ ಮುಗಿಸುವ ಕಡೆ ಜನರಿಲ್ಲದ ವಿಶಾಲ ಬಯಲು, ಊರ ರಸ್ತೆಗೆ ಹೋರಿ ನುಗ್ಗದಂತೆ ತಡೆ, ವೈದ್ಯರು ಮತ್ತು ಪಶುವೈದ್ಯರು ಇದ್ದರೆ ಹಬ್ಬದ ಕಳೆ ಕುಂದುವುದಿಲ್ಲ. ಹೋರಿಯ ಓಟದ ಚೆಂದ, ಅದನ್ನು ಸಾಕಿದವರ ಹೆಮ್ಮೆ ಬೇಲಿಯಾಚೆಯಿಂದಲೂ ಅಷ್ಟೇ ಕಾಣುತ್ತದೆ.

ರಸ್ತೆ ಅಖಾಡವಲ್ಲ

ಕೊನೆಯದಾಗಿ ತಂದೆತಾಯಿಗಳಿಗೆ ಒಂದು ಮಾತು. ಟಿವಿ, ಮೊಬೈಲಿನಲ್ಲಿ ನೋಡಿದ್ದನ್ನು ಶಿಕಾರಿಪುರ-ಶಿರಾಳಕೊಪ್ಪ ರಸ್ತೆಯಲ್ಲೋ, ಸೊರಬ-ಆನವಟ್ಟಿ ರಸ್ತೆಯಲ್ಲೋ ಮಾಡಿ ತೋರಿಸಬೇಕೆಂಬ ಆಸೆ ಹುಡುಗರಿಗೆ ಬರುವುದು ಸಹಜ. ಒಂದೇ ಚಕ್ರದ ಮೇಲೆ ಬೈಕು ಓಡಿಸುವವನಿಗೆ ಮುಖ್ಯವಾದುದು ಬೈಕಲ್ಲ, ನೋಡುವವರು. ನೋಡುವವರಿಲ್ಲದಿದ್ದರೆ ಆ ಆಟವೇ ಇಲ್ಲ. ಆದರೆ ಆ ರಸ್ತೆಯಲ್ಲಿ ಜಲ್ಲಿಯ ಬಯಲಿಲ್ಲ, ಟೈರಿನ ಗೋಡೆಯಿಲ್ಲ. ಇರುವುದು ಭತ್ತದ ಗಾಡಿ, ದನ, ಶಾಲೆ ಬಿಟ್ಟು ನಡೆದು ಬರುವ ಮಕ್ಕಳು.

ಕಾನೂನೂ ಸ್ಪಷ್ಟವಾಗಿದೆ. ಗೇರ್ ಇರುವ ಬೈಕಿನ ಲೈಸೆನ್ಸಿಗೆ 18 ವರ್ಷ ತುಂಬಿರಬೇಕು. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತರು ವಾಹನ ಓಡಿಸಿ ತಪ್ಪೆಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದವರೆಗೆ ಸಜೆ ಮತ್ತು 25,000 ರೂಪಾಯಿ ದಂಡ ವಿಧಿಸಬಹುದು. ಆ ಹುಡುಗನಿಗೆ 25 ವರ್ಷವಾಗುವವರೆಗೆ ಲೈಸೆನ್ಸ್ ಸಿಗದು. ಅನುಮತಿಯಿಲ್ಲದೆ ರಸ್ತೆಯಲ್ಲಿ ಪಂದ್ಯ ಕಟ್ಟಿ ಓಡಿಸಿದರೆ ಮೊದಲ ಸಲ ಮೂರು ತಿಂಗಳವರೆಗೆ ಸಜೆ ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಗದರಿಸಿದರೆ ಮಾತ್ರ ಸಾಲದು, ಆಸೆಗೊಂದು ದಾರಿಯನ್ನೂ ತೋರಿಸಬೇಕು. ನಿಜವಾದ ಆಸಕ್ತಿಯಿರುವ ವಿದ್ಯಾರ್ಥಿಗೆ ಮುಚ್ಚಿದ ಪಥದಲ್ಲಿ, ಹೆಲ್ಮೆಟ್ ಮತ್ತು ರಕ್ಷಾಕವಚದೊಡನೆ, ತರಬೇತುದಾರರ ಕಣ್ಗಾವಲಿನಲ್ಲಿ ಕಲಿಯುವ ಅವಕಾಶ ಬೆಂಗಳೂರು, ಕೋಲಾರದ ಕಡೆ ಇದೆ. ಅಲ್ಲಿಯೂ ಅಪಾಯ ಸೊನ್ನೆಯಲ್ಲ. 2023ರ ಆಗಸ್ಟಿನಲ್ಲಿ ಚೆನ್ನೈ ಪಥದಲ್ಲಿ ಬಿದ್ದು ತೀರಿಕೊಂಡ ಬೆಂಗಳೂರಿನ ಸವಾರನಿಗೆ ಇನ್ನೂ 13 ವರ್ಷ. ಸವಾರರಾಗದೆಯೂ ಈ ಕ್ಷೇತ್ರದಲ್ಲಿ ಬೇಕಾದಷ್ಟು ಕೆಲಸವಿದೆ. ಸಮಯ ಅಳೆಯುವವರು, ಮಾರ್ಷಲ್‌ಗಳು, ಮೆಕ್ಯಾನಿಕ್‌ಗಳು, ವೈದ್ಯರು ಇಲ್ಲದೆ ಒಂದು ಸ್ಪರ್ಧೆಯೂ ನಡೆಯದು. ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ವಾಹನ ವಿನ್ಯಾಸ ಮಾಡಿ, ಕಟ್ಟಿ, ಓಡಿಸುವ ಬಾಜಾ ಸ್ಪರ್ಧೆ ನಮ್ಮ ದೇಶದಲ್ಲಿ 2007ರಿಂದ ನಡೆಯುತ್ತಿದೆ.

ಅಷ್ಟು ದೂರ ಹೋಗುವ ಮೊದಲು ಮನೆಯಲ್ಲೇ ಮಾಡಬಹುದಾದದ್ದೂ ಇದೆ. ಮುಂದಿನ ಸಲ ಟಿವಿಯಲ್ಲಿ ಓಟ ನೋಡುವಾಗ, ಇಲ್ಲವೇ ಹಬ್ಬದಲ್ಲಿ ಬೇಲಿಯ ಈಚೆ ನಿಂತಾಗ, ಒಂದು ಸ್ಟಾಪ್‌ವಾಚ್ ಹಿಡಿದು ಎರಡು ಕಂಬಗಳ ನಡುವಿನ ಓಟದ ಸಮಯ ಅಳೆಯಿರಿ. ಕಂಬಗಳ ನಡುವಿನ ದೂರವನ್ನು ಆ ಸಮಯದಿಂದ ಭಾಗಿಸಿ ವೇಗ ಹುಡುಕಿ. ನೀವು ನಿಂತ ಜಾಗ ತಿರುವಿನ ಒಳಬದಿಯೋ ಹೊರಬದಿಯೋ ಎಂದು ನೋಡಿ. ಹೊರಬದಿಯಾಗಿದ್ದರೆ ಮೊದಲು ಅಲ್ಲಿಂದ ಎದ್ದು ಬನ್ನಿ. ಲೆಕ್ಕ ಆಮೇಲೆ ಮಾಡಬಹುದು.